ರಾಜನ ಅಧಿಕಾರ, ಪ್ರಧಾನಿಯ ಕೈ: ಒಂದೇ ಪುಸ್ತಕವಿಲ್ಲದ ಸಂವಿಧಾನದ ಸಮೀಕ್ಷೆ

ಬ್ರಿಟನ್ನಿನ ಪ್ರಧಾನಿ ಹುದ್ದೆಯನ್ನು ಸೃಷ್ಟಿಸಿದ ಕಾನೂನು ಯಾವುದೆಂದು ಹುಡುಕಹೊರಟರೆ ಅಂಥ ಕಾನೂನೇ ಸಿಗುವುದಿಲ್ಲ. 1721ರಲ್ಲಿ ಖಜಾನೆಯ ಹೊಣೆ ಹೊತ್ತ ರಾಬರ್ಟ್ ವಾಲ್‌ಪೋಲ್‌ನನ್ನು ಮೊದಲ ಪ್ರಧಾನಿ ಎಂದು ಇತಿಹಾಸದ ಪುಸ್ತಕಗಳು ಎಣಿಸುತ್ತವೆ. ಆದರೆ ಪ್ರಧಾನಿ ಎಂಬ ಹೆಸರು ಸಂಸತ್ತಿನ ಕಾಯಿದೆಯೊಳಗೆ ಬಂದದ್ದು ಸುಮಾರು ಇನ್ನೂರು ವರ್ಷಗಳ ನಂತರ, 1917ರಲ್ಲಿ, ಅದೂ ಒಂದು ಮನೆಯ ದೆಸೆಯಿಂದ. ಚೆಕರ್ಸ್ ಎಂಬ ದೊಡ್ಡ ಹಳ್ಳಿಮನೆಯನ್ನು ಅದರ ಮಾಲೀಕರು ಪ್ರಧಾನಿಗಳ ಬಳಕೆಗೆಂದು ದೇಶಕ್ಕೆ ಬಿಟ್ಟುಕೊಟ್ಟಾಗ, ಅದರಲ್ಲಿ ಯಾರು ಇರಬಹುದು ಎಂದು ಕಾಯಿದೆ ಹೇಳಲೇಬೇಕಾಯಿತು. ಸಂಬಳದ ಮಾತು ಕಾಯಿದೆಗೆ ಬಂದದ್ದು 1937ರಲ್ಲಿ. ಪ್ರಧಾನಿಯನ್ನು ಯಾರು, ಹೇಗೆ ಆರಿಸಬೇಕು, ಯಾವಾಗ ಅವರು ಕೆಳಗಿಳಿಯಬೇಕು ಎಂಬುದನ್ನು ಇವತ್ತಿಗೂ ಯಾವ ಕಾಯಿದೆಯೂ ಹೇಳುವುದಿಲ್ಲ.

ಕಾನೂನಿನ ಹಾಳೆಗಳನ್ನಷ್ಟೇ ಓದಿದವರಿಗೆ ಬ್ರಿಟನ್ ಈಗಲೂ ರಾಜನ ಆಳ್ವಿಕೆಯ ದೇಶ. ಮಂತ್ರಿಗಳು ರಾಜನ ಮಂತ್ರಿಗಳು. ಸೈನ್ಯ ರಾಜನದು, ಆರೋಪಿಗಳ ಮೇಲೆ ಮೊಕದ್ದಮೆ ಹೂಡುವುದು ರಾಜನ ಹೆಸರಿನಲ್ಲಿ, ರಾಜನ ಅಂಕಿತವಿಲ್ಲದೆ ಯಾವ ಮಸೂದೆಯೂ ಕಾನೂನಾಗುವುದಿಲ್ಲ. ಆದರೂ ಈಗಿನ ದೊರೆ ಮೂರನೆಯ ಚಾರ್ಲ್ಸ್ ಇವುಗಳಲ್ಲಿ ಯಾವುದನ್ನೂ ತಮ್ಮ ಇಚ್ಛೆಯಂತೆ ನಡೆಸುವುದಿಲ್ಲ. ಇದು ಹೇಗೆ ಸಾಧ್ಯ ಎಂದು ಕೇಳಿದರೆ ನಮ್ಮ ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಸಿಗುವ ಉತ್ತರ ಒಂದೇ: ಸಂಪ್ರದಾಯ. ಆ ಉತ್ತರ ಅರ್ಧ ಮಾತ್ರ ಸರಿ ಎಂದು ನನಗನ್ನಿಸುತ್ತದೆ. ರಾಜನನ್ನು ಕಟ್ಟಿಹಾಕಿದ್ದು ಮೊದಲಿಗೆ ಸಂಪ್ರದಾಯವಲ್ಲ, ಗಟ್ಟಿಯಾದ ಕಾನೂನು ಮತ್ತು ದುಡ್ಡು. ಸಂಪ್ರದಾಯ ಬೆಳೆದದ್ದು ಅದರ ಮೇಲೆ. ಈ ಏರ್ಪಾಡಿನಲ್ಲಿ ನಿಜವಾದ ಬಿರುಕು ಇರುವುದೂ ರಾಜನ ಕಡೆಯಲ್ಲಲ್ಲ. ರಾಜನಿಂದ ಅಧಿಕಾರವನ್ನು ಬಳುವಳಿಯಾಗಿ ಪಡೆದ ಪ್ರಧಾನಿಯ ಕಡೆಯಲ್ಲಿ.

ಬ್ರಿಟನ್ನಿನ ಸಂವಿಧಾನದಲ್ಲಿ ಬಹುಪಾಲು ಬರಹದಲ್ಲೇ ಇದೆ, ಒಂದೆಡೆ ಇಲ್ಲ ಅಷ್ಟೆ. 1215ರ ಮ್ಯಾಗ್ನಾ ಕಾರ್ಟಾದ ಕೆಲವು ಕಲಮುಗಳು, 1679ರ ಹೇಬಿಯಸ್ ಕಾರ್ಪಸ್ ಕಾಯಿದೆ, 1689ರ ಹಕ್ಕುಗಳ ಮಸೂದೆ, 1701ರ ಉತ್ತರಾಧಿಕಾರ ಕಾಯಿದೆ, 1707ರಲ್ಲಿ ಸ್ಕಾಟ್ಲೆಂಡನ್ನು ಸೇರಿಸಿಕೊಂಡ ಕಾಯಿದೆ, ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಕೈ ಕಟ್ಟಿದ 1911 ಮತ್ತು 1949ರ ಸಂಸತ್ತಿನ ಕಾಯಿದೆಗಳು, 1998ರ ಮಾನವ ಹಕ್ಕುಗಳ ಕಾಯಿದೆ ಇವೆಲ್ಲ ಬರಹಗಳೇ. ಒಂದೇ ಪುಸ್ತಕದ ಪ್ರಯೋಗವನ್ನೂ ಆ ದೇಶ ಮಾಡಿ ನೋಡಿದೆ. 1649ರ ಜನವರಿಯಲ್ಲಿ ಮೊದಲನೆಯ ಚಾರ್ಲ್ಸ್‌ನ ತಲೆ ಕಡಿದ ಮೇಲೆ, 1653ರಲ್ಲಿ ಆಲಿವರ್ ಕ್ರಾಮ್‌ವೆಲ್‌ನ ಕಾಲದಲ್ಲಿ ‘ಇನ್‌ಸ್ಟ್ರುಮೆಂಟ್ ಆಫ್ ಗವರ್ನಮೆಂಟ್’ ಎಂಬ ಲಿಖಿತ ಸಂವಿಧಾನ ಜಾರಿಗೆ ಬಂತು. ಅದನ್ನು ಸಿದ್ಧಪಡಿಸಿದವರು ಸೇನಾಧಿಕಾರಿಗಳು. ನಾಲ್ಕು ವರ್ಷಗಳಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. 1660ರಲ್ಲಿ ರಾಜಮನೆತನ ಮರಳಿದಾಗ ಎರಡೂ ಇಲ್ಲವಾದವು. ಆ ಒಂದು ದಶಕ ಬಿಟ್ಟರೆ ಬ್ರಿಟನ್ ಎಂದೂ ಬರಿ ನೆಲದಿಂದ ಕಟ್ಟಲು ಕೂತಿಲ್ಲ. ವಸಾಹತುಶಾಹಿಯಿಂದ ಬಿಡಿಸಿಕೊಂಡು ಹೊರಬಂದ ದೇಶಗಳಿಗೆ, ಕ್ರಾಂತಿಯಿಂದ ಎದ್ದ ದೇಶಗಳಿಗೆ ಹೊಸದಾಗಿ ಬರೆಯುವ ಅಗತ್ಯವಿತ್ತು. ಬ್ರಿಟನ್ನಿಗೆ ಅಂಥ ಗಳಿಗೆ ಮತ್ತೆ ಬರಲಿಲ್ಲ.

ಇಡೀ ಕಟ್ಟಡದ ಬುನಾದಿ 1689ರದು. ಹಿಂದಿನ ವರ್ಷ ಎರಡನೆಯ ಜೇಮ್ಸ್ ದೇಶ ಬಿಟ್ಟು ಓಡಿದ್ದ. ವಿಲಿಯಂ ಮತ್ತು ಮೇರಿಗೆ ಸಿಂಹಾಸನ ಕೊಡುವಾಗ ಸಂಸತ್ತು ಶರತ್ತುಗಳನ್ನು ಮುಂದಿಟ್ಟಿತು. ಸಂಸತ್ತಿನ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತುವಂತಿಲ್ಲ. ಶಾಂತಿಕಾಲದಲ್ಲಿ ಸಂಸತ್ತಿನ ಒಪ್ಪಿಗೆಯಿಲ್ಲದೆ ಸೈನ್ಯ ಇಟ್ಟುಕೊಳ್ಳುವಂತಿಲ್ಲ. ಕಾನೂನನ್ನು ರಾಜ ತನ್ನಷ್ಟಕ್ಕೆ ಅಮಾನತಿನಲ್ಲಿಡುವಂತಿಲ್ಲ. ಸದನದೊಳಗಿನ ಮಾತಿಗೆ ಹೊರಗಿನ ನ್ಯಾಯಾಲಯದಲ್ಲಿ ವಿಚಾರಣೆಯಿಲ್ಲ. ಹನ್ನೆರಡು ವರ್ಷಗಳ ನಂತರ, ನ್ಯಾಯಾಧೀಶರನ್ನು ರಾಜ ಮನಸ್ಸು ಬಂದಾಗ ತೆಗೆದುಹಾಕುವ ದಾರಿಯನ್ನೂ ಮುಚ್ಚಲಾಯಿತು. ಸೈನಿಕರನ್ನು ಶಿಸ್ತಿನಲ್ಲಿಡುವ ಕಾನೂನನ್ನು ಆಗಿನ ಸಂಸತ್ತು ಸಾಮಾನ್ಯವಾಗಿ ಒಂದು ವರ್ಷದ ಮಟ್ಟಿಗೆ ಮಾತ್ರ ಮಂಜೂರು ಮಾಡುತ್ತಿತ್ತು. ಇಂದಿಗೂ ಸಶಸ್ತ್ರ ಪಡೆಗಳ ಕಾಯಿದೆಯನ್ನು ಐದು ವರ್ಷಕ್ಕೊಮ್ಮೆ ಹೊಸ ಕಾಯಿದೆಯ ಮೂಲಕ ಮುಂದುವರಿಸಬೇಕು. ದುಡ್ಡೂ ಸೈನ್ಯವೂ ಸಂಸತ್ತಿನ ಕೈಯಲ್ಲಿದ್ದ ಮೇಲೆ, ಸಂಸತ್ತಿನ ಬೆಂಬಲವಿಲ್ಲದ ಮಂತ್ರಿಯನ್ನು ಇಟ್ಟುಕೊಂಡು ರಾಜ ಏನು ಮಾಡಿಯಾನು? ಮಂತ್ರಿಮಂಡಲ ಕೆಳಮನೆಯಾದ ಕಾಮನ್ಸ್ ಸಭೆಗೆ ಹೊಣೆ ಎಂಬ ಸಂಪ್ರದಾಯ ಯಾರದೋ ಸೌಜನ್ಯದಿಂದ ಹುಟ್ಟಿದ್ದಲ್ಲ. ಅದು ಇಲ್ಲದೆ ಸರ್ಕಾರ ನಡೆಯದು ಎಂಬ ಸ್ಥಿತಿಯಿಂದ ಹುಟ್ಟಿದ್ದು.

ಅದಕ್ಕೂ ಹಿಂದಿನ ಒಂದು ಮೊಕದ್ದಮೆ ನನಗೆ ಬಹಳ ಮುಖ್ಯವೆನ್ನಿಸುತ್ತದೆ. ಒಂದನೆಯ ಜೇಮ್ಸ್ ಎರಡು ಘೋಷಣೆಗಳನ್ನು ಹೊರಡಿಸಿದ್ದ. ಲಂಡನ್ನಿನ ಸುತ್ತಮುತ್ತ ಹೊಸ ಮನೆ ಕಟ್ಟಬಾರದು ಎಂಬುದು ಒಂದು, ಗೋಧಿಯಿಂದ ಗಂಜಿ ತಯಾರಿಸಬಾರದು ಎಂಬುದು ಇನ್ನೊಂದು. ಆಗ ಬಟ್ಟೆಯ ಕೊರಳಪಟ್ಟಿಗಳಿಗೆ ಗಂಜಿ ಹಾಕುವ ಶೋಕಿ ಜೋರಾಗಿತ್ತು, ತಿನ್ನುವ ಗೋಧಿ ಅದಕ್ಕೆ ಖರ್ಚಾಗುತ್ತಿತ್ತು. ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಹೊಸ ಅಪರಾಧವೊಂದನ್ನು ಬರಿಯ ಘೋಷಣೆಯಿಂದ ಸೃಷ್ಟಿಸಲು ರಾಜನಿಗೆ ಬರುತ್ತದೆಯೇ? ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ಕೋಕ್ ಮತ್ತು ಅವನ ಜೊತೆಗಾರರು ಬರುವುದಿಲ್ಲ ಎಂದರು. ನೆಲದ ಕಾನೂನು ಕೊಟ್ಟಷ್ಟೇ ಅಧಿಕಾರ ರಾಜನಿಗೆ, ಅದಕ್ಕಿಂತ ಒಂದು ಎಳೆ ಹೆಚ್ಚಿಲ್ಲ ಎಂಬುದು ಅವರ ತೀರ್ಮಾನದ ಸಾರ. 1611ರ ಹೊತ್ತಿನ ಈ ಮಾತನ್ನು ನಾನ್ನೂರು ವರ್ಷಗಳ ಆಚೆ ಒಬ್ಬ ಪ್ರಧಾನಿಯ ಎದುರು ಮತ್ತೆ ಎತ್ತಿಹಿಡಿಯಬೇಕಾಯಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ಸಂಪ್ರದಾಯಗಳು. ಇವು ಹೇಗೆ ಗಟ್ಟಿಯಾಗುತ್ತವೆ ಎಂಬುದನ್ನು ನೋಡಲು ಎರಡು ಎಳೆ ಹಿಡಿದರೆ ಸಾಕು. ಸಂಸತ್ತು ಪಾಸು ಮಾಡಿದ ಮಸೂದೆಗೆ ಅಂಕಿತ ನಿರಾಕರಿಸಿದ ಕೊನೆಯ ದೊರೆ ರಾಣಿ ಆ್ಯನ್, 1708ರಲ್ಲಿ, ಸ್ಕಾಟ್ಲೆಂಡಿನ ನಾಗರಿಕ ಸೇನೆಯ ಮಸೂದೆಗೆ, ಅದೂ ಮಂತ್ರಿಗಳ ಸಲಹೆಯಂತೆ. ನಿರಾಕರಿಸುವ ಹಕ್ಕನ್ನು ಆಮೇಲೆ ಯಾವ ಕಾನೂನೂ ಕಿತ್ತುಕೊಂಡಿಲ್ಲ. ಬಳಸದೆ ಬಳಸದೆ ಅದು ಸತ್ತಿತು. ಎರಡನೆಯ ಎಳೆ, ಪ್ರಧಾನಿ ಕಾಮನ್ಸ್ ಸಭೆಯವರೇ ಆಗಿರಬೇಕು ಎಂಬ ನಿಯಮ. ಲಾರ್ಡ್ ಸಾಲಿಸ್‌ಬರಿ 1902ರವರೆಗೂ ಮೇಲ್ಮನೆಯಲ್ಲಿ ಕೂತು ಪ್ರಧಾನಿಯಾಗಿದ್ದರು. 1923ರಲ್ಲಿ ಹುದ್ದೆ ತೆರವಾದಾಗ, ನಮ್ಮ ದೇಶದಲ್ಲಿ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ಅದು ತಮಗೇ ಎಂದು ನಂಬಿದ್ದರು. ಐದನೆಯ ಜಾರ್ಜ್ ಕರೆದದ್ದು ಕಾಮನ್ಸ್ ಸಭೆಯ ಸ್ಟಾನ್ಲಿ ಬಾಲ್ಡ್‌ವಿನ್ನರನ್ನು. 1963ರ ಹೊತ್ತಿಗೆ ಪರಿಸ್ಥಿತಿ ಎಷ್ಟು ಸ್ಪಷ್ಟವಾಗಿತ್ತೆಂದರೆ, ಲಾರ್ಡ್ ಹೋಮ್ ಪ್ರಧಾನಿಯಾದ ಕೂಡಲೇ ತಮ್ಮ ವಂಶದ ಬಿರುದನ್ನೇ ಬಿಟ್ಟುಕೊಟ್ಟು ಉಪಚುನಾವಣೆಗೆ ನಿಂತರು. ಆ ನಡುವಿನ ಕೆಲವು ದಿನ ಅವರು ಎರಡೂ ಸದನಗಳಲ್ಲಿರಲಿಲ್ಲ. ಅರವತ್ತು ವರ್ಷಗಳಲ್ಲಿ ಒಂದು ಅಕ್ಷರದ ಕಾನೂನೂ ಇಲ್ಲದೆ ನಿಯಮವೊಂದು ಹೀಗೆ ಬಲಿಯಿತು.

ರಾಜನಿಗೆ ಉಳಿದದ್ದೇನು? 1867ರಲ್ಲಿ ಪತ್ರಕರ್ತ ವಾಲ್ಟರ್ ಬ್ಯಾಜಟ್ ಮೂರು ಹಕ್ಕುಗಳನ್ನು ಹೆಸರಿಸಿದ: ತನ್ನನ್ನು ಕೇಳಬೇಕೆಂಬ ಹಕ್ಕು, ಉತ್ತೇಜಿಸುವ ಹಕ್ಕು, ಎಚ್ಚರಿಸುವ ಹಕ್ಕು. ಅವನು ವಿದ್ವಾಂಸನೋ ನ್ಯಾಯಾಧೀಶನೋ ಅಲ್ಲ, ‘ಎಕನಾಮಿಸ್ಟ್’ ಪತ್ರಿಕೆಯ ಸಂಪಾದಕ. ಅವನ ಪುಸ್ತಕವನ್ನು ರಾಜಮನೆತನದ ಮಕ್ಕಳಿಗೆ ಪಾಠವಾಗಿ ಓದಿಸುವಷ್ಟು ಅದಕ್ಕೆ ಮಾನ್ಯತೆ ಬಂತು. ಇನ್ನೂ ವಿಚಿತ್ರವಾದದ್ದು 1950ರ ಪತ್ರ. ಆ ವರ್ಷದ ಚುನಾವಣೆಯಲ್ಲಿ ಕ್ಲೆಮೆಂಟ್ ಆಟ್ಲಿಯವರ ಲೇಬರ್ ಪಕ್ಷಕ್ಕೆ ಬಂದದ್ದು ಕೂದಲೆಳೆಯ ಬಹುಮತ. ಅವರು ಮತ್ತೆ ಚುನಾವಣೆ ಕೇಳಿದರೆ ದೊರೆ ಬೇಡ ಎನ್ನಬಹುದೇ ಎಂಬ ಚರ್ಚೆ ಎದ್ದಿತು. ‘ದಿ ಟೈಮ್ಸ್’ ಪತ್ರಿಕೆಯ ವಾಚಕರ ಪತ್ರಗಳ ಅಂಕಣದಲ್ಲಿ ‘ಸೆನೆಕ್ಸ್’ ಎಂಬ ಗುಪ್ತನಾಮದ ಪತ್ರ ಬಂತು. ಈಗಿನ ಸಂಸತ್ತು ಇನ್ನೂ ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ, ಚುನಾವಣೆಯಿಂದ ದೇಶದ ಆರ್ಥಿಕತೆಗೆ ಪೆಟ್ಟು ಬೀಳುವಂತಿದ್ದರೆ, ಬಹುಮತದೊಂದಿಗೆ ಸರ್ಕಾರ ನಡೆಸಬಲ್ಲ ಇನ್ನೊಬ್ಬ ಪ್ರಧಾನಿ ಸಿಗುವಂತಿದ್ದರೆ ವಿಸರ್ಜನೆಯನ್ನು ದೊರೆ ನಿರಾಕರಿಸಬಹುದು ಎಂದು ಅದರಲ್ಲಿತ್ತು. ಬರೆದವರು ಅಲನ್ ಲಾಸೆಲ್ಸ್, ಆರನೆಯ ಜಾರ್ಜ್‌ನ ಖಾಸಗಿ ಕಾರ್ಯದರ್ಶಿ. ಆ ಪತ್ರಿಕಾ ಪತ್ರವೇ ಮುಂದೆ ದಶಕಗಳ ಕಾಲ ‘ಲಾಸೆಲ್ಸ್ ಸೂತ್ರ’ ಎಂದು ಚಲಾವಣೆಯಲ್ಲಿತ್ತು. ಪ್ರಜೆಗಳ ಚುನಾವಣೆಗೆ ಸಂಬಂಧಿಸಿದ ನಿಯಮವೊಂದು ಹೆಸರು ಮರೆಸಿಕೊಂಡ ಅಧಿಕಾರಿಯ ಪತ್ರದಲ್ಲಿ ಇರಬೇಕಾಗಿ ಬಂದದ್ದು ಈ ವ್ಯವಸ್ಥೆಯ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಅದೇ ವ್ಯವಸ್ಥೆ ಚೆನ್ನಾಗಿ ನಡೆದದ್ದೂ ಉಂಟು. 2010ರ ಮೇ 6ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಇಂಥ ಸಂದರ್ಭ ಬರಬಹುದೆಂದು ಸಂಪುಟ ಕಾರ್ಯದರ್ಶಿ ಗಸ್ ಓ’ಡಾನೆಲ್ ಮೊದಲೇ ಒಂದು ಕರಡು ಅಧ್ಯಾಯ ಬರೆಸಿ ಪ್ರಕಟಿಸಿದ್ದರು. ಹೊಸ ಸರ್ಕಾರ ಯಾರದೆಂದು ಖಚಿತವಾಗುವ ತನಕ ಹಳೆಯ ಪ್ರಧಾನಿ ಜಾಗ ಬಿಡಬಾರದು, ರಾಣಿಯನ್ನು ರಾಜಕೀಯಕ್ಕೆ ಎಳೆಯಬಾರದು, ಲೆಕ್ಕಾಚಾರವನ್ನು ಪಕ್ಷಗಳೇ ಮುಗಿಸಬೇಕು ಎಂಬುದು ಅದರ ಸಾರ. ಗಾರ್ಡನ್ ಬ್ರೌನ್ ಐದು ದಿನ ಕಾದು ಮೇ 11ರ ಸಂಜೆ ರಾಜೀನಾಮೆ ಕೊಟ್ಟರು, ಡೇವಿಡ್ ಕ್ಯಾಮರಾನ್ ಬಂದರು. ಆ ಕರಡು ಬೆಳೆದು 2011ರಲ್ಲಿ ‘ಕ್ಯಾಬಿನೆಟ್ ಮ್ಯಾನ್ಯುಯಲ್’ ಆಯಿತು. ಅದು ಕಾನೂನಲ್ಲ, ಕೈಪಿಡಿ. ಆದರೆ ಎಲ್ಲರ ಕೈಗೂ ಸಿಗುವ ಕೈಪಿಡಿ.

ಕೈಪಿಡಿಯಲ್ಲಿ ಬರೆದ ಮಾತ್ರಕ್ಕೆ ಸಂಪ್ರದಾಯ ಉಳಿಯುತ್ತದೆಯೇ? ಯುದ್ಧದ ವಿಷಯ ನೋಡಿ. ಸೈನ್ಯ ಕಳಿಸುವುದು ಕಾನೂನಿನ ಪ್ರಕಾರ ರಾಜನ ಅಧಿಕಾರ, ವಸ್ತುತಃ ಪ್ರಧಾನಿಯದು. 2003ರ ಮಾರ್ಚಿನಲ್ಲಿ ಟೋನಿ ಬ್ಲೇರ್ ಇರಾಕಿನ ಮೇಲೆ ಹೋಗುವ ಮುನ್ನ ಕಾಮನ್ಸ್ ಸಭೆಯ ಮತ ಪಡೆದರು. ಮೊದಲು ಸದನದಲ್ಲಿ ಚರ್ಚೆಯಾಗಬೇಕು ಎಂಬ ಸಂಪ್ರದಾಯ ಮೂಡಿದೆ ಎಂದು 2011ರ ಕೈಪಿಡಿ ದಾಖಲಿಸಿತು. 2013ರ ಆಗಸ್ಟಿನಲ್ಲಿ ಸಿರಿಯಾ ಕುರಿತು ಕ್ಯಾಮರಾನ್ 285–272 ಮತಗಳಿಂದ ಸೋತರು, ಸೋಲನ್ನು ಒಪ್ಪಿ ಹಿಂದೆ ಸರಿದರು. ಅಲ್ಲಿಗೆ ನಿಯಮ ನೆಲೆಯಾಯಿತು ಎಂದುಕೊಂಡವರು ಬಹಳ ಮಂದಿ. 2018ರ ಏಪ್ರಿಲಿನಲ್ಲಿ ತೆರೇಸಾ ಮೇ ಸಿರಿಯಾ ಮೇಲೆ ವಾಯುದಾಳಿಗೆ ಆದೇಶ ಕೊಟ್ಟದ್ದು ಸದನವನ್ನು ಕೇಳದೆ. 2024ರ ಜನವರಿಯಲ್ಲಿ ಯೆಮೆನ್‌ನ ಹೂತಿ ನೆಲೆಗಳ ಮೇಲಿನ ದಾಳಿಗೂ ಮುಂಚಿತ ಮತವಿರಲಿಲ್ಲ. ಹದಿನೈದು ವರ್ಷಗಳಲ್ಲಿ ಹುಟ್ಟಿ, ಬೆಳೆದು, ಸೊರಗಿದ ಸಂಪ್ರದಾಯವಿದು. ಸೊರಗಿಸಿದ್ದು ರಾಜನಲ್ಲ.

ಬ್ರಿಟಿಷ್ ವ್ಯವಸ್ಥೆಯ ಕಥೆ ಹೇಳುವವರು ಸಾಮಾನ್ಯವಾಗಿ ರಾಜ ಹೇಗೆ ಅಧಿಕಾರ ಕಳೆದುಕೊಂಡ ಎಂಬಲ್ಲಿಗೆ ನಿಲ್ಲಿಸುತ್ತಾರೆ. ಕಳೆದುಕೊಂಡದ್ದು ಎಲ್ಲಿಗೆ ಹೋಯಿತು ಎಂದು ಕೇಳಬೇಕು. ಯುದ್ಧ, ಒಪ್ಪಂದ, ಗೌರವ ಪದವಿಗಳು, ಉನ್ನತ ನೇಮಕಾತಿ, ಸಂಸತ್ತಿನ ಅಧಿವೇಶನವನ್ನು ಮುಗಿಸುವುದು ಈ ಅಧಿಕಾರಗಳು ಇಲ್ಲವಾಗಲಿಲ್ಲ. ರಾಜನ ಹೆಸರಿನಲ್ಲೇ ಇದ್ದುಕೊಂಡು ಪ್ರಧಾನಿಯ ಕೈಗೆ ಬಂದವು. ಅದರ ಜೊತೆಗೆ ಕಾಮನ್ಸ್ ಸಭೆಯ ಬಹುಮತವೂ ಅವನದೇ. 1885ರಲ್ಲಿ ಎ. ವಿ. ಡೈಸಿ ವಿವರಿಸಿದಂತೆ ಸಂಸತ್ತು ಮಾಡಲಾಗದ, ಅಳಿಸಲಾಗದ ಕಾನೂನಿಲ್ಲ. ಆ ಸಂಸತ್ತೇ ಪ್ರಧಾನಿಯ ಹಿಡಿತದಲ್ಲಿದ್ದರೆ? 1976ರಲ್ಲಿ ಲಾರ್ಡ್ ಹೇಲ್‌ಷಮ್ ಇದನ್ನು ಚುನಾಯಿತ ಸರ್ವಾಧಿಕಾರ ಎಂದು ಕರೆದರು. ಅವರು ಹೊರಗಿನ ಟೀಕಾಕಾರರಲ್ಲ, ಅದಕ್ಕೆ ಮುಂಚೆಯೂ ಆಮೇಲೂ ಲಾರ್ಡ್ ಚಾನ್ಸಲರ್ ಹುದ್ದೆಯಲ್ಲಿದ್ದವರು. ಈ ವ್ಯವಸ್ಥೆ ನಿಂತಿರುವುದು ಅಧಿಕಾರಕ್ಕೆ ಬರುವವರು ಮರ್ಯಾದಸ್ಥರು ಎಂಬ ನಂಬಿಕೆಯ ಮೇಲೆ ಎಂದು ಇತಿಹಾಸಕಾರ ಪೀಟರ್ ಹೆನೆಸಿ ಅನೇಕ ಬಾರಿ ಹೇಳಿದ್ದಾರೆ.

ಆ ನಂಬಿಕೆ 2019ರಲ್ಲಿ ಪರೀಕ್ಷೆಗೆ ಬಂತು. ಐರೋಪ್ಯ ಒಕ್ಕೂಟದಿಂದ ಹೊರಬರುವ ಗಡುವು ಅಕ್ಟೋಬರ್ 31. ಸಂಸತ್ತಿನಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೆ ಗಟ್ಟಿ ಬಹುಮತವಿರಲಿಲ್ಲ. ಆಗಸ್ಟ್ 28ರಂದು ಅವರ ಮಂತ್ರಿಗಳು ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಗೆ ಹೋಗಿ ರಾಣಿಯ ಸಲಹಾ ಮಂಡಳಿಯಾದ ಪ್ರೀವಿ ಕೌನ್ಸಿಲ್ ಸಭೆ ನಡೆಸಿದರು. ಸೆಪ್ಟೆಂಬರ್ ಎರಡನೆಯ ವಾರದಿಂದ ಅಕ್ಟೋಬರ್ 14ರವರೆಗೆ, ಅಂದರೆ ಸುಮಾರು ಐದು ವಾರ, ಸಂಸತ್ತಿನ ಅಧಿವೇಶನವನ್ನು ಮುಚ್ಚಿಡುವ ಆದೇಶಕ್ಕೆ ರಾಣಿ ಒಪ್ಪಿದರು. ಒಪ್ಪದೆ ಅವರಿಗೆ ಬೇರೆ ದಾರಿಯಿರಲಿಲ್ಲ. ಪ್ರಧಾನಿಯ ಸಲಹೆಯಂತೆ ನಡೆಯಬೇಕೆಂಬುದೇ ಸಂಪ್ರದಾಯ. ರಾಜನನ್ನು ಕಟ್ಟಿಹಾಕಲು ಬೆಳೆಸಿದ ನಿಯಮ ಇಲ್ಲಿ ಪ್ರಧಾನಿಗೆ ದಾರಿ ಬಿಟ್ಟುಕೊಟ್ಟಿತು. ಪ್ರಕರಣ ಎರಡು ಕಡೆಯಿಂದ ಮೇಲೆ ಬಂತು. ಇದು ನ್ಯಾಯಾಲಯದ ವಿಷಯವೇ ಅಲ್ಲ ಎಂದು ಲಂಡನ್ನಿನ ಹೈಕೋರ್ಟು ಹೇಳಿತ್ತು, ಆದೇಶ ಕಾನೂನುಬಾಹಿರ ಎಂದು ಎಡಿನ್‌ಬರೋದ ನ್ಯಾಯಾಲಯ ಹೇಳಿತ್ತು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ ಅಧ್ಯಕ್ಷೆ ಲೇಡಿ ಹೇಲ್ ಹನ್ನೊಂದು ನ್ಯಾಯಮೂರ್ತಿಗಳ ಒಮ್ಮತದ ತೀರ್ಪು ಓದಿದರು. ಸಂಸತ್ತು ಕಾನೂನು ಮಾಡುವುದನ್ನೂ ಸರ್ಕಾರವನ್ನು ಪ್ರಶ್ನಿಸುವುದನ್ನೂ ತಕ್ಕ ಕಾರಣವಿಲ್ಲದೆ ತಡೆಯುವಷ್ಟು ದೂರ ಈ ಅಧಿಕಾರ ಚಾಚುವುದಿಲ್ಲ; ಆದ್ದರಿಂದ ಆದೇಶ ಖಾಲಿ ಕಾಗದಕ್ಕೆ ಸಮ; ಅಧಿವೇಶನ ಮುಗಿದೇ ಇಲ್ಲ. ಮರುದಿನ ಸದನ ಸೇರಿತು. ಆ ತೀರ್ಪಿನ ಆಧಾರಗಳಲ್ಲಿ ಒಂದು, ಕೋಕ್‌ನ ಕಾಲದ ಅದೇ ಗೋಧಿ ಗಂಜಿಯ ಪ್ರಕರಣ.

ನ್ಯಾಯಾಲಯಗಳು ಇಲ್ಲಿಗೆ ಒಮ್ಮೆಲೇ ಬರಲಿಲ್ಲ. ರಾಜಾಧಿಕಾರದ ಬಳಕೆಯನ್ನೂ ಪರಿಶೀಲಿಸಬಹುದು ಎಂದು 1984ರಲ್ಲೇ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಪೀಠ ಒಪ್ಪಿಕೊಂಡಿತ್ತು. 2002ರ ಒಂದು ಮೊಕದ್ದಮೆ ಶುರುವಾದದ್ದು ಸಂತೆಯಲ್ಲಿ: ಸಂಡರ್‌ಲ್ಯಾಂಡಿನ ವ್ಯಾಪಾರಿಯೊಬ್ಬರು ಬಾಳೆಹಣ್ಣನ್ನು ಕಿಲೋ ಬದಲು ಪೌಂಡಿನ ಲೆಕ್ಕದಲ್ಲಿ ತೂಗಿ ಮಾರಿದರು ಎಂಬ ಆರೋಪ. ತೀರ್ಪು ಕೊಡುತ್ತ ನ್ಯಾಯಮೂರ್ತಿ ಜಾನ್ ಲಾಸ್, ಮ್ಯಾಗ್ನಾ ಕಾರ್ಟಾ, ಹಕ್ಕುಗಳ ಮಸೂದೆ, ಮಾನವ ಹಕ್ಕುಗಳ ಕಾಯಿದೆಯಂಥವು ‘ಸಾಂವಿಧಾನಿಕ ಕಾಯಿದೆಗಳು’, ನಂತರದ ಕಾಯಿದೆಯೊಂದು ಮಾತೆತ್ತದೆ ಅವನ್ನು ಅಳಿಸಲಾಗದು, ಅಳಿಸಬೇಕಾದರೆ ಸ್ಪಷ್ಟವಾಗಿ ಹೇಳಿಯೇ ಅಳಿಸಬೇಕು ಎಂದರು. ಒಂದೇ ಪುಸ್ತಕವಿಲ್ಲದ ದೇಶದಲ್ಲಿ ನ್ಯಾಯಾಧೀಶರು ಪುಟಗಳನ್ನು ಗುರುತುಮಾಡುವ ಕೆಲಸ ಹೀಗೆ ನಡೆಯುತ್ತಿದೆ.

ಬರೆದಿಟ್ಟರೆ ಎಲ್ಲ ಸರಿಹೋಗುತ್ತಿತ್ತೇ? ಆಸ್ಟ್ರೇಲಿಯಾಕ್ಕೂ ಅದೇ ರಾಜ, ಅಲ್ಲಿ 1901ರಿಂದ ಲಿಖಿತ ಸಂವಿಧಾನವಿದೆ. ಅದರಲ್ಲಿ ಪ್ರಧಾನಿ ಎಂಬ ಮಾತೇ ಬರುವುದಿಲ್ಲ. 1975ರ ನವೆಂಬರ್ 11ರಂದು ದೊರೆಯ ಪ್ರತಿನಿಧಿಯಾದ ಗವರ್ನರ್ ಜನರಲ್ ಜಾನ್ ಕೆರ್, ಕೆಳಮನೆಯಲ್ಲಿ ಬಹುಮತವಿದ್ದ ಪ್ರಧಾನಿ ಗಾಫ್ ವಿಟ್ಲಮ್‌ರನ್ನು ವಜಾ ಮಾಡಿದರು. ಬ್ರಿಟನ್ನಿನಲ್ಲಿ ದೊರೆಯೊಬ್ಬ ಹಾಗೆ ಮಾಡಿದ್ದು ಕೊನೆಗೆ 1834ರಲ್ಲಿ. ನ್ಯೂಜಿಲೆಂಡ್ ಬ್ರಿಟನ್ನಿನಂತೆಯೇ ಒಂದೇ ಪುಸ್ತಕವಿಲ್ಲದೆ ನಡೆಯುತ್ತದೆ, ಅದರ 1986ರ ಸಂವಿಧಾನ ಕಾಯಿದೆ ಸಾಧಾರಣ ಕಾಯಿದೆಯಷ್ಟೆ. ಸೌದಿ ಅರೇಬಿಯಾದ ದಾರಿ ಬೇರೆ: 1992ರ ಮೂಲ ಕಾನೂನು ಕುರಾನ್ ಮತ್ತು ಸುನ್ನಾವೇ ಸಂವಿಧಾನ ಎನ್ನುತ್ತದೆ. ಅಲ್ಲಿ ಚುನಾಯಿತ ಸಂಸತ್ತಿಲ್ಲ, ಹಾಗಾಗಿ ರಾಜನನ್ನು ಹಣದ ಮೂಲಕ ಹಿಡಿದಿಡುವ ಕೈಯೂ ಇಲ್ಲ. ಇದರ ಪಕ್ಕಕ್ಕಿಟ್ಟು ನೋಡಿದಾಗ 1689ರ ಬೆಲೆ ಗೊತ್ತಾಗುತ್ತದೆ.

ನಮ್ಮ ಸಂವಿಧಾನ ಬ್ರಿಟಿಷ್ ಸಂಪ್ರದಾಯಗಳನ್ನು ಬರಹಕ್ಕಿಳಿಸಲು ನಡೆಸಿದ ದೊಡ್ಡ ಪ್ರಯತ್ನವೂ ಹೌದು. 395 ವಿಧಿಗಳಿಂದ ಆರಂಭವಾದ ಅದರಲ್ಲೂ, ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕು ಎಂಬ ಮಾತು ಮೊದಲಿಗೆ ಇರಲಿಲ್ಲ. 74ನೆಯ ವಿಧಿ ಸಲಹೆ ಕೊಡುವ ಮಂತ್ರಿಮಂಡಲವಿರುತ್ತದೆ ಎಂದಷ್ಟೇ ಹೇಳಿತ್ತು. ಉಳಿದದ್ದು ಬ್ರಿಟನ್ನಿನಂತೆ ನಡೆಯುತ್ತದೆ ಎಂಬ ಭರವಸೆ. ರಾಷ್ಟ್ರಪತಿಯಾಗಿದ್ದ ಬಾಬು ರಾಜೇಂದ್ರ ಪ್ರಸಾದರೇ 1960ರಲ್ಲಿ ಈ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದರು, 1976ರ 42ನೆಯ ತಿದ್ದುಪಡಿ ಅದನ್ನು ಅಕ್ಷರದಲ್ಲಿ ಬರೆಯಿತು. ರಾಜ್ಯಗಳಲ್ಲಿ ಪಾಠ ಕಲಿಸಿದ್ದು ಕರ್ನಾಟಕದ ಪ್ರಕರಣ. 1989ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಬಹುಮತ ಸಾಬೀತಿಗೆ ಅವಕಾಶ ಕೊಡದೆ ವಜಾ ಮಾಡಲಾಯಿತು. ಬೆಂಬಲ ಹಿಂದೆಗೆದುಕೊಂಡೆವೆಂದು ಶಾಸಕರು ಕೊಟ್ಟ ಪತ್ರಗಳನ್ನು ರಾಜಭವನವೇ ಎಣಿಸಿ ತೀರ್ಮಾನಿಸಿತ್ತು. ಬಹುಮತ ಅಳೆಯುವ ಜಾಗ ವಿಧಾನಸಭೆಯೇ ಹೊರತು ರಾಜಭವನವಲ್ಲ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳುವ ಹೊತ್ತಿಗೆ 1994ರ ಮಾರ್ಚ್ ಬಂದಿತ್ತು. ಜಗತ್ತಿನ ಅತಿ ಉದ್ದದ ಲಿಖಿತ ಸಂವಿಧಾನಗಳಲ್ಲೊಂದು ಇದ್ದೂ, ಬ್ರಿಟನ್ನಿನಲ್ಲಿ ಯಾರೂ ಬರೆಯದೆ ಪಾಲಿಸುತ್ತಿದ್ದ ನಿಯಮವನ್ನು ನಾವು ನ್ಯಾಯಾಲಯದಿಂದ ಬರೆಸಿಕೊಳ್ಳಬೇಕಾಯಿತು. ಸಾಂವಿಧಾನಿಕ ನೈತಿಕತೆ ತಾನಾಗಿ ಬರುವುದಿಲ್ಲ, ಅದನ್ನು ಬೆಳೆಸಬೇಕು ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದಕ್ಕೇ.

ಹಾಗಾದರೆ ಬ್ರಿಟನ್ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಬಿಡಬೇಕೇ? 1988ರಲ್ಲಿ ‘ಚಾರ್ಟರ್ 88’ ಎಂಬ ಚಳವಳಿ ಅದನ್ನೇ ಕೇಳಿತು. 2014ರಲ್ಲಿ ಕಾಮನ್ಸ್ ಸಭೆಯ ಸಮಿತಿಯೊಂದು ಮಾದರಿಗಳನ್ನೂ ಮುಂದಿಟ್ಟಿತು. ಇಡೀ ಪುಸ್ತಕ ಅಗತ್ಯ ಎಂದು ನನಗೆ ಅನ್ನಿಸುವುದಿಲ್ಲ. ರಾಜನ ವಿಷಯದಲ್ಲಿ ಈ ಏರ್ಪಾಡು ಮುನ್ನೂರು ವರ್ಷ ಗಟ್ಟಿಯಾಗಿ ನಿಂತಿದೆ. ಬರೆಯಬೇಕಾದದ್ದು ರಾಜನಿಂದ ಪ್ರಧಾನಿಗೆ ಬಂದ ಕೆಲವೇ ಅಧಿಕಾರಗಳ ಮಿತಿ: ಯುದ್ಧ, ಅಧಿವೇಶನದ ಮುಕ್ತಾಯ, ವಿಸರ್ಜನೆ. ಮೂರನೆಯದನ್ನು ಸಂಸತ್ತು ಒಮ್ಮೆ ಬರೆದೂ ಇತ್ತು. 2011ರ ಕಾಯಿದೆ ಅವಧಿಗೆ ಮುನ್ನ ಚುನಾವಣೆ ನಡೆಸುವ ತೀರ್ಮಾನವನ್ನು ಪ್ರಧಾನಿಯ ಕೈಯಿಂದ ತೆಗೆದು ಸದನಕ್ಕೆ ಕೊಟ್ಟಿತ್ತು. 2022ರ ಮಾರ್ಚಿನಲ್ಲಿ ಅದನ್ನು ರದ್ದು ಮಾಡಿ, ವಿಸರ್ಜನೆಯನ್ನು ಮತ್ತೆ ರಾಜನ ಅಧಿಕಾರವಾಗಿಸಲಾಯಿತು. ಹೊಸ ಕಾಯಿದೆಯ ಮೂರನೆಯ ಸೆಕ್ಷನ್, ಆ ಅಧಿಕಾರದ ಬಳಕೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎನ್ನುತ್ತದೆ. 2024ರ ಮೇ ತಿಂಗಳಲ್ಲಿ ರಿಷಿ ಸುನಕ್ ಚುನಾವಣೆ ಘೋಷಿಸಿದ್ದು ಈ ಕಾಯಿದೆಯ ಅಡಿಯಲ್ಲೇ. ಅದಕ್ಕೆ ಅವರು ಸದನದ ಮತ ಪಡೆಯಬೇಕಾಗಿರಲಿಲ್ಲ.